ಅಪ್ಪನ ಪದ್ಮಿನಿ

ಅಪ್ಪ ಬಿಟ್ಟುಹೋದ 1984ರ ಪ್ರೀಮಿಯರ್ ಪದ್ಮಿನಿಯಲ್ಲಿ ಎಲ್ಲವೂ ಕಂಪೆನಿಯದ್ದೇ: 1089 ಸಿ.ಸಿ. ಎಂಜಿನ್, ಸ್ಟೇರಿಂಗ್ ಪಕ್ಕದ ಗೇರು, ಮುಂದೆ ಒಂದೇ ಉದ್ದ ಸೀಟು. ತಮ್ಮನಿಗೆ ಡೀಸೆಲ್ ಎಂಜಿನ್, ಅಲಾಯ್ ಚಕ್ರ, ಎ.ಸಿ. ಬೇಕಿತ್ತು. ಒಂದು ಸ್ಕ್ರೂ ಕೂಡ ಮುಟ್ಟಬೇಡ ಎಂದೆ ನಾನು. ನಮ್ಮಿಬ್ಬರ ಮಾತು ನಿಂತಿತು. ಕಾಸರಗೋಡಿನ ಮಳೆ ಗೊತ್ತಲ್ಲ, ಎರಡು ಮಳೆಗಾಲ ಟಾರ್ಪಾಲಿನ ಅಡಿಯಲ್ಲಿ ನಿಂತ ಕಾರಿಗೆ ತುಕ್ಕು ಹಿಡಿಯಿತು.

ಒಂದು ಭಾನುವಾರ ಅಮ್ಮ ಹೇಳಿದರು: “ನಿಮ್ಮಪ್ಪ ಪೂಜೆಗೆ ಹೋಗುವಾಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ಇದರಲ್ಲಿ ಹತ್ತಿಸಿಕೊಳ್ಳುತ್ತಿದ್ದರು. ನೀವು ಉಳಿಸಿದ್ದು ಏನನ್ನು ಮಕ್ಕಳೇ?”

ತಲಾಂತನ್ನು ಮಣ್ಣಲ್ಲಿ ಹೂತಿಟ್ಟ ಆಳು ನೆನಪಾದ.

ಎಂಜಿನ್, ಗೇರು ಹಾಗೆಯೇ ಉಳಿದವು. ಬ್ರೇಕ್ ಸರಿಪಡಿಸಿ ಸೀಟ್ ಬೆಲ್ಟ್ ಹಾಕಿಸಿದೆವು. ಬಿಚ್ಚಿದ ಭಾಗಗಳನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಈಗ ಪೂಜೆಗೆ ತಮ್ಮನೇ ಓಡಿಸುತ್ತಾನೆ. ಹಿಂದಿನ ಸೀಟು ಖಾಲಿ ಇರುವುದಿಲ್ಲ.