ಎದುರು ಮೇಳದ ಪದ

ನಮ್ಮ ಜತ್ತ ತಾಲೂಕಿನ ಕಡೆ ಜಾತ್ರಿಯೊಳಗೆ ಗೀಗೀ ಪದ ಕೇಳಿದವರಿಗೆ ಹರದೇಶಿ ನಾಗೇಶಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಆದರೂ ಸಾಲಿ ಹುಡುಗರು ಓದುತ್ತಾರಂತ ಬರೆಯುತ್ತೇನೆ. ಹರದೇಶಿಯವರು ಗಂಡು ಹೆಚ್ಚು ಅಂತ ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ ಹಾಡುತ್ತಾರೆ. ಒಬ್ಬರು ಪದದಾಗ ಸವಾಲು ಹಾಕಿದರೆ ಇನ್ನೊಬ್ಬರು ಪದದಾಗನ ಜವಾಬು ಕೊಡಬೇಕು. ರಾತ್ರಿ ಸುರು ಆದರೆ ಬೆಳತನಕ.

ನಾನು ಹರದೇಶಿ ಕಡೆ ಹಾಡುವವ. ಮಂದಿ ದನಿ ಚಲೋ ಐತಿ ಅಂತಾರ. ದನಿ ದೊಡ್ಡ ಮಾತಲ್ಲ. ಎದುರು ಮೇಳದವರು ಹಾಡುವಾಗ ಸುಮ್ಮನ ಕೂಡೂದು ಕಠಿಣ. ಅವರು ನಮ್ಮನ್ನ ಹೀಯಾಳಿಸುತ್ತಾರೆ, ಮಂದಿ ನಗುತ್ತದೆ, ಮೈಯಾಗ ಬೆಂಕಿ ಏಳುತ್ತದೆ. ಆಗ ಸಿಟ್ಟಿನಿಂದ ಮನಸ್ಸಿನ್ಯಾಗ ಜವಾಬು ಕಟ್ಟಾಕ ಹತ್ತಿದರೆ ಮುಂದಿನ ನುಡಿ ಕಿವಿಗೆ ಬೀಳೂದಿಲ್ಲ. ಸವಾಲು ಆ ನುಡಿಯಾಗನ ಇರಬಹುದು. ಅದಕ್ಕ ನಮ್ಮ ಗುರುಗಳು, ಅವರ ಪದ ಮುಗಿಯೂತನಕ ಡಪ್ಪಿನ ಮೇಲೆ ಬೆರಳು ಆಡಿಸಾಕ ಸುದ್ದಾ ಬಿಡುತ್ತಿರಲಿಲ್ಲ.

ಜಾತ್ರಿಯಾಗ ರಾತ್ರಿಯಿಡೀ ಕೇಳುವ ಜನ ಮನ್ಯಾಗ ಹಿರಿಯರು ಬಾಯಿ ತೆರೆದರೆ "ಗೊತ್ತೈತಿ ಬಿಡು" ಅಂತಾರ.

ನಮ್ಮ ಸೋದರತ್ತಿಗೆ ಎಂಬತ್ತು ದಾಟಿದೆ. ಗಂಡ ಸತ್ತ ಮೇಲೆ ತವರಿಗೆ ಬಂದು ನಮ್ಮ ಕೂಡನ ಇದ್ದಾಳೆ. ಅಕಿ ಮಾತು ಒಂದೇ, 1972ರ ಬರ. ಕೆಂಪು ಮಿಲೋ ಜ್ವಾಳದ ರೊಟ್ಟಿ, ಬರಗಾಲದ ಕೆಲಸದಾಗ ಖಡಿ ಒಡೆದದ್ದು, ಅಲ್ಲಿ ಕೊಡುತ್ತಿದ್ದ ಸುಕಡಿ. ಸುಕಡಿ ಸಿಹಿ ಇತ್ತು ಅಂತ ಹೇಳಿ ಪ್ರತಿ ಸಲ ಅಲ್ಲೇ ನಗುತ್ತಾಳೆ. ನನ್ನ ಮೊಮ್ಮಕ್ಕಳು ಅಕಿಗಿಂತ ಮೊದಲ ಮುಗಿಸಿಬಿಡುತ್ತಾರೆ. "ಖಡಿ ಒಡದಿ, ಸುಕಡಿ ತಿಂದಿ, ಮುಗೀತಲ್ಲ ಆಯಿ!" ಅಕಿ ಸುಮ್ಮನಾಗುತ್ತಾಳೆ. ಕೆಟ್ಟ ಹುಡುಗರಲ್ಲ ಅವರು, ಅಕಿ ಗುಳಿಗಿ ಮರೀದ ಕೊಡುತ್ತಾರೆ. ಚಟ ಬಿದ್ದೈತಿ, ಅಷ್ಟ.

ಹೋದ ವರ್ಷ ಜ್ವಾಳದ ರಾಶಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅಕಿ ಮುಂದೆ ಕುಂತೆ, ಎದುರು ಮೇಳದ ಪದ ಕೇಳುವಂಗ. ಹೂಂ ಅನ್ನೂದು ಬಿಟ್ಟರೆ ಬೇರೆ ಮಾತಿಲ್ಲ. ಮಿಲೋ ಬಂತು, ಖಡಿ ಬಂತು, ಸುಕಡಿ ಬಂತು, ನಕ್ಕಳು. ನಾನು ಏಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಕಿ ಅಂದಳು, "ಆ ಸುಕಡಿ ನೀರಾಗ ಕಲಸಿ ಕೂಸಿಗೂ ಹಚ್ಚಿ ನೋಡಿದೆ. ಆರು ತಿಂಗಳ ಕೂಸು ಏನ ತಿಂತೈತೋ ತಮ್ಮಾ? ನನ್ನ ಎದಿಯಾಗ ಹಾಲ ಇದ್ದಿಲ್ಲ."

ಖಡಿ ರಾಶಿಯ ನೆರಳಾಗ ಮಲಗಿಸಿದ್ದ ಹೆಣ್ಣುಕೂಸು ಸಂಜೀಮುಂದ ಏಳಲಿಲ್ಲವಂತ. ಗಂಡನ ಊರಾಗ ಆದದ್ದು. ಆಗ ನಾನು ಹತ್ತು ವರ್ಷದ ಹುಡುಗ, ನಮ್ಮ ಮನ್ಯಾಗ ಯಾರೂ ಅದರ ಮಾತು ಎತ್ತಿದ್ದಿಲ್ಲ. ಹೆಸರು ಕೇಳಿದೆ. ಹೇಳಿದಳು.

"ಮಂದಿಗೆ ಹೇಳಿದರ ಹೇಳು, ಹೆಸರು ಮಾತ್ರ ಪದದಾಗ ಹಾಕಬ್ಯಾಡ" ಅಂದಳು. ಅದಕ್ಕ ಇಲ್ಲಿಯೂ ಬರೆದಿಲ್ಲ.

ಮರುದಿನ ಅಕಿ ಮತ್ತ ಮಿಲೋ ಜ್ವಾಳದಿಂದನ ಸುರು ಮಾಡಿದಳು. ಈಗ ಸಣ್ಣ ಮೊಮ್ಮಗಳು ಬಂದು ಪಕ್ಕದಾಗ ಕೂಡುತ್ತಾಳೆ. ದೊಡ್ಡಾಂವ ಇನ್ನೂ ಮೊಬೈಲ್ ಕೆಳಗಿಟ್ಟಿಲ್ಲ.