ಕಳಂಬೋಲಿಯಲ್ಲಿ ಉಣಕಲ್ ಕೆರೆ ಹುಡುಕಿದ್ದು

ಹುಬ್ಬಳ್ಳಿಯಲ್ಲಿ ಹನ್ನೊಂದು ವರ್ಷ ನಾನು ಒಂದೇ ದಾರಿಯಲ್ಲಿ ನಡೆದವನು. ಬೆಳಿಗ್ಗೆ ಐದೂಮುಕ್ಕಾಲಿಗೆ ಉಣಕಲ್ ಕೆರೆ, ಭಾನುವಾರ ನೃಪತುಂಗ ಬೆಟ್ಟ, ಇಳಿದ ಮೇಲೆ ಗೆಳೆಯರ ಜೊತೆ ಗಿರ್ಮಿಟ್ ಮತ್ತು ಚಹಾ. ಇದನ್ನು ವ್ಯಾಯಾಮ ಅಂತ ಎಂದೂ ಕರೆದಿರಲಿಲ್ಲ. ಒಂದು ದಿನ ತಪ್ಪಿಸಿದರೆ ಮರುದಿನ ನಾಲ್ಕು ಮಂದಿ ‘ನಿನ್ನೆ ಯಾಕ ಬರಲಿಲ್ಲೋ’ ಎಂದು ಕೇಳುತ್ತಿದ್ದರು. ಅದಕ್ಕಾಗಿಯೇ ಹೋಗುತ್ತಿದ್ದೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ತಳೋಜಾದ ಕಾರ್ಖಾನೆಯೊಂದಕ್ಕೆ ಕೆಲಸ ಬದಲಾಯಿತು. ಮಗಳು ಹತ್ತನೇ ಕ್ಲಾಸು. ಹೆಂಡತಿ, ಮಗಳು ಊರಲ್ಲೇ ಉಳಿದರು. ನಾನು ಕಳಂಬೋಲಿಯಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆ ಹಿಡಿದೆ. ಬಂದ ಮೂರನೇ ದಿನವೇ ಬೂಟು ಹಾಕಿಕೊಂಡು ಐದೂಮುಕ್ಕಾಲಿಗೆ ಹೊರಬಿದ್ದೆ.

ಕಳಂಬೋಲಿ ಗೊತ್ತಿರುವವರು ಈಗಲೇ ನಗುತ್ತಿರಬಹುದು. ಇದು ಉಕ್ಕಿನ ಮಾರುಕಟ್ಟೆಯ ಊರು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಇಲ್ಲಿಂದಲೇ ಶುರು. ಸಿಯಾನ್–ಪನ್ವೇಲ್ ಹೆದ್ದಾರಿ, ಮುಂಬ್ರಾ ರಸ್ತೆ, ನ್ಹಾವಾ ಶೇವಾ ಬಂದರಿನ ರಸ್ತೆ ಎಲ್ಲ ಸರ್ಕಲ್ಲಿನ ಸುತ್ತ ಬಂದು ಸೇರುತ್ತವೆ. ಬೆಳಗಿನ ಗಾಳಿ ಸಿಗುತ್ತದೆಂದು ನಾನು ಹೋದದ್ದು ಆ ಸರ್ಕಲ್ಲಿಗೇ. ಸಿಕ್ಕಿದ್ದು ಡೀಸೆಲ್ ಹೊಗೆ, ಧೂಳು, ಸಾಲು ಸಾಲು ಟ್ರೇಲರ್. ಒಂದು ಲಾರಿಯ ಮೇಲೆ ಕೆಎ 63 ಎಂದು ಹುಬ್ಬಳ್ಳಿಯ ನಂಬರು ಕಂಡು, ಗುರುತಿನವರನ್ನು ನೋಡಿದ ಹಾಗೆ ನಿಂತುಬಿಟ್ಟೆ. ಅವತ್ತಿನ ವಾಕಿಂಗ್ ಅಷ್ಟೇ.

ಸೆಖೆಯೂ ಹೊಸದು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದಲ್ಲಿದೆ. ಇದು ಖಾಡಿಯ ಪಕ್ಕದ ತಗ್ಗು. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಇಲ್ಲಿ ಬೆವರು ಆರುವುದೇ ಇಲ್ಲ. ಇಂಥ ಹವೆಗೆ ದೇಹ ಒಗ್ಗಲು ಒಂದೆರಡು ವಾರ ಬೇಕು, ಅಲ್ಲಿಯವರೆಗೆ ವೇಗ ಇಳಿಸಬೇಕು ಎಂಬುದು ನನಗೆ ತಿಳಿದಿರಲಿಲ್ಲ. ಊರಿನ ವೇಗದಲ್ಲೇ ನಡೆದೆ, ತಲೆ ಸುತ್ತಿತು. ಆಮೇಲೆ ಜಿಮ್ಮಿಗೆ ಮೂರು ತಿಂಗಳ ಹಣ ಕಟ್ಟಿ ಒಂಬತ್ತು ದಿನ ಹೋದೆ. ಜೂನ್‌ನಲ್ಲಿ ಮಳೆ ಹಿಡಿಯಿತು, ನೆಪವೂ ಸಿಕ್ಕಿತು. ಸಂಜೆ ವಡಾಪಾವ್, ರಾತ್ರಿ ಮೊಬೈಲು.

ಆಗಸ್ಟ್‌ನಲ್ಲಿ ರಕ್ತ ತಪಾಸಣೆಯಾಯಿತು. ತೂಕ ಆರು ಕಿಲೋ ಜಾಸ್ತಿ. ಎಚ್‌ಬಿಎ1ಸಿ 6.3, 6.5 ದಾಟಿದರೆ ಸಕ್ಕರೆ ಕಾಯಿಲೆಯ ಲೆಕ್ಕ. ನಮ್ಮ ಅಪ್ಪನ ಬಲಗಾಲಿನ ಎರಡು ಬೆರಳು ಇದೇ ಕಾಯಿಲೆಗೆ ಹೋಗಿದ್ದವು. ಡ್ರೆಸಿಂಗ್ ಬದಲಿಸುತ್ತಿದ್ದವನು ನಾನೇ. ರಿಪೋರ್ಟಿನ ವಿಷಯ ಹೆಂಡತಿಗೆ ಹೇಳಲಿಲ್ಲ. ಅವತ್ತು ರಾತ್ರಿ ನಿದ್ದೆ ಬಾರದೆ ಕೆಳಗಿಳಿದು ಬಂದೆ.

ನಮ್ಮ ಸೊಸೈಟಿಯ ವಾಚಮನ್ ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. “ಯಾಕ್ರಿ ಸಾಹೇಬ್ರ, ಬೂಟು ಮೂಲ್ಯಾಗ ಬಿದ್ದಾವಲ್ಲ?” ಎಂದರು. ನಡೆಯಲಿಕ್ಕೆ ಜಾಗವೇ ಇಲ್ಲ ಎಂದೆ. “ಕಳಂಬೋಲಿ ಎರಡು ಅದಾವ್ರಿ. ಹೊರಗಿಂದು ಟ್ರಕ್ಕಿಂದು, ಒಳಗಿಂದು ಮಂದೀದು. ನೀವು ಬರೇ ಟ್ರಕ್ಕಿಂದು ನೋಡೀರಿ. ನಾಳೆ ಒಂಬತ್ತೂವರಿಗೆ ಉಂಡು ಬರ್ರಿ.”

ಮರುದಿನ ಬಂದು ನೋಡಿದರೆ, ಸೆಕ್ಟರಿನ ಒಳರಸ್ತೆ ತುಂಬ ಜನ. ಅತ್ತೆ–ಸೊಸೆ, ರಿಟೈರ್ ಆದವರು, ಡ್ಯೂಟಿ ಮುಗಿಸಿ ಊಟ ಮಾಡಿ ಬಂದವರು. ಮರಾಠಿಯಲ್ಲಿ ಇದಕ್ಕೆ ‘ಶತಪಾವಲಿ’ ಎನ್ನುತ್ತಾರೆ. ಊಟವಾದ ಮೇಲೆ ನೂರು ಹೆಜ್ಜೆ. ಊಟದ ನಂತರದ ನಡಿಗೆ ರಕ್ತದ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ ಎಂದು ಡಾಕ್ಟರೂ ಹೇಳಿದ್ದರು. ನಾಲ್ಕು ತಿಂಗಳು ನಾನು ಈ ಊರಿನಲ್ಲಿ ಬೆಳಗಿನ ಕೆರೆ ಹುಡುಕುತ್ತಿದ್ದೆ. ಇವರ ಕೆರೆ ರಾತ್ರಿ ಒಂಬತ್ತೂವರೆಗೆ, ನನ್ನ ಕಿಟಕಿಯ ಕೆಳಗೇ ಇತ್ತು.

ಎರಡನೇ ವಾರ ಒಂದು ದಿನ ತಪ್ಪಿಸಿದೆ. ಮರುದಿನ ಪಕ್ಕದ ಬಿಲ್ಡಿಂಗಿನ ಆಜಿ ತಡೆದು ಕೇಳಿದರು: “ಕಾಲ್ ಆಲಾ ನಾಹೀತ್?” ನಿನ್ನೆ ಬರಲಿಲ್ಲವಲ್ಲ! ಹುಬ್ಬಳ್ಳಿ ಬಿಟ್ಟ ಮೇಲೆ ಆ ಪ್ರಶ್ನೆಯನ್ನು ನನಗೆ ಕೇಳಿದ ಮೊದಲನೆಯವರು ಅವರೇ.

ಈಗಿನ ಲೆಕ್ಕ ಹೀಗಿದೆ. ಮೊದಲು ಆಜಿಯ ಜೊತೆ ನಿಧಾನಕ್ಕೆ ಒಂದು ಸುತ್ತು, ಆಮೇಲೆ ಒಬ್ಬನೇ ಇಪ್ಪತ್ತೈದು ನಿಮಿಷ ಬಿರುಸಾಗಿ. ವಾರಕ್ಕೆ ಆರು ದಿನವೆಂದರೆ 150 ನಿಮಿಷ; ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಕನಿಷ್ಠ ಲೆಕ್ಕವೂ ಅಷ್ಟೇ. ಸ್ನಾಯುಗಳಿಗೂ ವಾರಕ್ಕೆರಡು ದಿನ ಕೆಲಸ ಬೇಕು ಎನ್ನುತ್ತಾರೆ. ಅದಕ್ಕೆ ಮನೆಯಲ್ಲೇ ಬೈಠಕ್ಕು, ಗೋಡೆಗೆ ಕೈಕೊಟ್ಟು ದಂಡ. ಮಳೆ ಜೋರಾದರೆ ಮೆಟ್ಟಿಲು. 2005ರ ಜುಲೈ 26ರ ನೆರೆಯನ್ನು ಕಂಡ ಆಜಿ, ನೀರು ನಿಂತ ದಿನ ನಮ್ಮನ್ನು ಗೇಟು ದಾಟಲು ಬಿಡುವುದಿಲ್ಲ. ತಿಂಗಳಿಗೊಂದು ಭಾನುವಾರ ಪನ್ವೇಲ್ ದಾಟಿ, ಗೋವಾ ಹೆದ್ದಾರಿಯ ಕರ್ನಾಳಾ ಕೋಟೆ ಹತ್ತುತ್ತೇನೆ. ಹೆಬ್ಬೆರಳಿನಂತೆ ನಿಂತ ಅದರ ಬಂಡೆಯ ಮುಂದೆ ನಮ್ಮ ನೃಪತುಂಗ ಬೆಟ್ಟ ಕೂಸು. ಗಿರ್ಮಿಟ್ ಮಾತ್ರ ಸಿಗುವುದಿಲ್ಲ.

ನಡುನಡುವೆ ನೈಟ್ ಶಿಫ್ಟ್ ಬಂದು ವಾರವೇ ತಪ್ಪಿದ್ದೂ ಇದೆ. ಲಂಡನ್ನಿನ ಸಂಶೋಧಕರು 96 ಜನರನ್ನು ಗಮನಿಸಿ, ಹೊಸ ರೂಢಿ ಕೂರಲು ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕು ಎಂದು ಅಂದಾಜು ಮಾಡಿದ್ದರು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲವಂತೆ. ನಾನು ನಿಧಾನದವರ ಸಾಲಿನವನು.

ಫೆಬ್ರುವರಿಯಲ್ಲಿ ಎಚ್‌ಬಿಎ1ಸಿ 5.9ಕ್ಕೆ ಬಂತು. ಆಗ ಮೊದಲಿನ ರಿಪೋರ್ಟನ್ನೂ ಸೇರಿಸಿ ಹೆಂಡತಿಗೆ ಹೇಳಿದೆ. ಅರ್ಧ ತಾಸು ಬೈದಳು. ಮಗಳ ಪರೀಕ್ಷೆ ಮುಗಿದಿದೆ, ಮುಂದಿನ ತಿಂಗಳು ಇಬ್ಬರೂ ಬರುತ್ತಾರೆ. ಮೊನ್ನೆ ಫೋನಿನಲ್ಲಿ ಕೇಳಿದಳು, “ಅಲ್ಲೆ ವಾಕಿಂಗಿಗೆ ಜಾಗಾ ಅದ ಏನ್ರಿ?”

“ಅದ. ಬೆಳಿಗ್ಗೆ ಹುಡುಕಬ್ಯಾಡ, ಉಂಡ ಮ್ಯಾಲೆ ತೋರಸ್ತೀನಿ” ಎಂದೆ.