ತಪ್ಪು ಯಾರದು? ಬ್ಯಾಟರಿಯದೇ?

ನೀವು ಸೈಕಲ್ಲಿನ ಡೈನಮೋ ನೋಡಿದ್ದೀರಾ? ಚಕ್ರಕ್ಕೆ ತಾಗಿಕೊಂಡು ಗರಗರ ತಿರುಗುವ ಪುಟ್ಟ ಸೀಸೆಯಂಥ ಸಾಧನ ಅದು. ಜೋರಾಗಿ ತುಳಿದರೆ ದೀಪ ಪ್ರಕಾಶಮಾನ. ನಿಧಾನವಾಗಿ ತುಳಿದರೆ ಮಂಕು. ಅದರ ದೊಡ್ಡಣ್ಣನೊಬ್ಬ ಕಾರಿನ ಎಂಜಿನ್ನಿನ ಪಕ್ಕದಲ್ಲಿ ಅಡಗಿ ಕುಳಿತಿರುತ್ತಾನೆ. ಅವನಿಂದಾಗಿ ನಮ್ಮ ಮಾವನಿಗೆ ಆದ ನಷ್ಟ, ನನಗೆ ಆದ ಲಾಭ ಎರಡನ್ನೂ ಹೇಳುತ್ತೇನೆ, ಕೇಳಿ.

ನಾನಾಗ ಏಳನೇ ತರಗತಿ ಮುಗಿಸಿದ್ದೆ. ಬೇಸಿಗೆ ರಜೆಗೆಂದು ಗೌರಿಬಿದನೂರು ತಾಲ್ಲೂಕಿನ ಹಳ್ಳಿಯಲ್ಲಿದ್ದ ಸೋದರಮಾವನ ಮನೆಗೆ ಹೋಗಿದ್ದೆ. ಆಗ ಈ ಊರುಗಳೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದವು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಮಾವ ರೇಷ್ಮೆ ಹುಳು ಸಾಕುತ್ತಿದ್ದರು. ಅವರ ಬಳಿ ಒಂದು ಹಳೆಯ ಪೆಟ್ರೋಲ್ ಕಾರಿತ್ತು.

ಆ ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಮಾಡುತ್ತಿತ್ತು. ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದಾಗ, "ಬ್ಯಾಟರಿ ಹೋಗಿದೆ" ಎಂದರಂತೆ. ಮಾವ ಹಳೆಯದನ್ನು ಕೊಟ್ಟು, ಹಿಂದಿನ ಬೆಳೆಯ ಹಣದಲ್ಲಿ ಹೊಸ ಬ್ಯಾಟರಿ ತಂದರು. ಎರಡು ವಾರ ಎಲ್ಲವೂ ಸರಿಯಾಗಿತ್ತು. ಆದರೆ ಚಾಲಕನ ಮುಂದಿರುವ ಬ್ಯಾಟರಿ ಚಿಹ್ನೆಯ ಕೆಂಪು ದೀಪ ಮಾತ್ರ ಸಣ್ಣಗೆ ಮಿಣುಕುತ್ತಲೇ ಇತ್ತು. ನಾನು ಕೇಳಿದರೆ ಮಾವ, "ಅದು ಹಂಗೇ ಕಣೋ, ಹಳೇ ಗಾಡಿ" ಎಂದು ನಕ್ಕುಬಿಟ್ಟರು.

ಗೂಡು ಬಿಡಿಸುವ ದಿನ ಬಂತು. ರೇಷ್ಮೆ ಗೂಡನ್ನು ಬಹಳ ದಿನ ಇಟ್ಟುಕೊಳ್ಳುವಂತಿಲ್ಲ, ನಿಮಗೆ ಗೊತ್ತೇ? ಒಳಗಿನ ಕೋಶ ಪತಂಗವಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬಂದರೆ ಉದ್ದನೆಯ ಎಳೆ ತುಂಡುತುಂಡಾಗುತ್ತದೆ. ಅದನ್ನು ಸುತ್ತಿ ತೆಗೆಯಲು ಆಗುವುದಿಲ್ಲ. ಚೀಲದಲ್ಲಿ ಒತ್ತಿ ಇಟ್ಟರೂ ಬಿಸಿ, ತೇವದಿಂದ ಗೂಡು ಕೆಡುತ್ತದೆ. ಆದ್ದರಿಂದ ಚಂದ್ರಿಕೆಯಿಂದ ಬಿಡಿಸಿದ ಗೂಡನ್ನು ಚೀಲಗಳಲ್ಲಿ ತುಂಬಿ, ಬೆಳಗಿನ ಹರಾಜಿಗೆ ಶಿಡ್ಲಘಟ್ಟದ ಗೂಡು ಮಾರುಕಟ್ಟೆ ತಲುಪಲು ನಡುರಾತ್ರಿ ದಾಟಿದ ಮೇಲೆ ಹೊರಟೆವು.

ಮಂಚೇನಹಳ್ಳಿ ದಾಟಿದೆವು. ಮುಂದಿನ ದೀಪಗಳು ಬಿಳುಪು ಕಳೆದುಕೊಂಡು ಹಳದಿಯಾದವು. ಚಿಕ್ಕಬಳ್ಳಾಪುರ ದಾಟುವಾಗ ಹಾರ್ನ್ ನೆಗಡಿಯಾದವರ ಗಂಟಲಿನಂತೆ ಕರಕರ ಎಂದಿತು. ಇನ್ನೂ ಸ್ವಲ್ಪ ದೂರ ಹೋದಾಗ ಎಂಜಿನ್ ನಾಲ್ಕಾರು ಬಾರಿ ಕೆಮ್ಮಿ ನಿಂತೇಹೋಯಿತು. ಸುತ್ತಲೂ ಕತ್ತಲು. ಹಿಂದಿನ ಸೀಟಿನಲ್ಲಿ ಒಂದು ಬೆಳೆಯ ದುಡಿಮೆಯೆಲ್ಲ ಚೀಲಗಳಲ್ಲಿ ಕುಳಿತಿತ್ತು. ಮಾವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಬೆಳಕು ಹರಿದ ಮೇಲೆ ಟೆಂಪೋ ಚಾಲಕರೊಬ್ಬರು ಹಗ್ಗ ಕಟ್ಟಿ ನಿಧಾನವಾಗಿ ಎಳೆದುಕೊಂಡು ಹೋದರು. ಮಾರುಕಟ್ಟೆ ತಲುಪುವಾಗ ಹರಾಜು ಮುಗಿಯುತ್ತಾ ಬಂದಿತ್ತು. ಬೇಗ ಬಂದವರಿಗೆ ಸಿಕ್ಕ ಬೆಲೆ ಮಾವನಿಗೆ ಸಿಗಲಿಲ್ಲ.

ಬ್ಯಾಟರಿಯನ್ನು ಅಂಗಡಿಯೊಂದರಲ್ಲಿ ಚಾರ್ಜ್ ಮಾಡಿಸಿದೆವು. ನನ್ನನ್ನು ಚಿಂತಾಮಣಿಯ ಚಿಕ್ಕಮ್ಮನ ಮನೆಗೆ ಬಿಡಬೇಕಿತ್ತು. ಹಗಲಲ್ಲಿ ದೀಪ ಬೇಕಿಲ್ಲದ ಕಾರಣ ಕಾರು ಅಲ್ಲಿಯವರೆಗೆ ತೊಂದರೆ ಕೊಡದೆ ಬಂತು. ಅಲ್ಲಿ ಮಾವನಿಗೆ ಪರಿಚಯವಿದ್ದ ವಯಸ್ಸಾದ ಎಲೆಕ್ಟ್ರೀಷಿಯನ್ ಒಬ್ಬರಿದ್ದರು.

"ಈ ಹೊಸ ಬ್ಯಾಟರೀನೂ ಹಾಳೇ ಇರಬೇಕು, ಬೇರೆ ಹಾಕಿಬಿಡಿ" ಎಂದರು ಮಾವ.

"ತಡೀರಿ ಗೌಡ್ರೇ, ಮೊದಲು ಮೀಟರ್ ಕೇಳೋಣ" ಎಂದು ಅವರು ಮಲ್ಟಿಮೀಟರ್ ತೆಗೆದರು. "ಬಾರಪ್ಪ, ನೀನು ಅಂಕಿ ಓದು" ಎಂದು ನನ್ನನ್ನು ಕರೆದರು.

ಎಂಜಿನ್ ನಿಂತಿದ್ದಾಗ ಬ್ಯಾಟರಿಯ ಎರಡು ತುದಿಗಳ ನಡುವೆ 12.3 ವೋಲ್ಟ್ ಇತ್ತು. ಕಾರಿನ ಬ್ಯಾಟರಿಯಲ್ಲಿ ಆರು ಕೋಶಗಳಿರುತ್ತವೆ. ಒಂದೊಂದರಲ್ಲಿ ಸುಮಾರು 2.1 ವೋಲ್ಟ್. ಹೊಟ್ಟೆ ತುಂಬಿದ್ದರೆ ಒಟ್ಟು 12.6. ಅಂದರೆ ನಮ್ಮ ಬ್ಯಾಟರಿ ಸ್ವಲ್ಪ ಹಸಿದಿತ್ತು, ಅಷ್ಟೇ.

ಎಂಜಿನ್ ಚಾಲೂ ಮಾಡಿದಾಗ 12.7 ಬಂತು. ಮುಂದಿನ ದೀಪ ಹಾಕಿದಾಗ 12.1ಕ್ಕೆ ಇಳಿಯಿತು. "ನೋಡಿದೆಯಾ? ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ದೀಪ ಹಾಕಿದರೂ 13.5ರ ಮೇಲೇ ನಿಲ್ಲಬೇಕು. ಬ್ಯಾಟರಿಗೆ ಊಟ ಸಾಲುತ್ತಿಲ್ಲ" ಎಂದರು.

ಊಟ ಬಡಿಸುವವನೇ ಆಲ್ಟರ್ನೇಟರ್. ಎಂಜಿನ್ ಓಡುವಾಗ ಒಂದು ಬೆಲ್ಟ್ ಅದನ್ನು ತಿರುಗಿಸುತ್ತದೆ. ಒಳಗೆ ವಿದ್ಯುತ್ಕಾಂತವೊಂದು ಸುತ್ತುತ್ತದೆ; ಅದರ ಸುತ್ತಲಿನ ತಂತಿ ಸುರುಳಿಗಳಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ತತ್ತ್ವವೇ ಇದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದೂ ಇದೇ ತತ್ತ್ವದಿಂದ. ಆಲ್ಟರ್ನೇಟರಿನಲ್ಲಿ ಹುಟ್ಟುವುದು ಪರ್ಯಾಯ ವಿದ್ಯುತ್. ಡಯೋಡುಗಳು ಅದನ್ನು ನೇರ ವಿದ್ಯುತ್ತಾಗಿ ಬದಲಿಸಿ ಬ್ಯಾಟರಿಗೂ ದೀಪಗಳಿಗೂ ಕೊಡುತ್ತವೆ.

ಆಲ್ಟರ್ನೇಟರ್ ಸೋತರೆ ಏನಾಗುತ್ತದೆ? ಲೆಕ್ಕ ಹಾಕಿ ನೋಡಿ. ತಲಾ 55 ವಾಟಿನ ಎರಡು ದೀಪ ಎಂದರೆ 110 ವಾಟ್. 12 ವೋಲ್ಟಿಗೆ ಸುಮಾರು 9 ಆಂಪಿಯರ್. 35 ಆಂಪಿಯರ್-ಗಂಟೆಯ ತುಂಬಿದ ಬ್ಯಾಟರಿಯಾದರೂ ನಾಲ್ಕು ಗಂಟೆ ಬಾಳದು. ಎರಡು ವಾರ ಅರೆಹೊಟ್ಟೆಯಲ್ಲಿದ್ದ ನಮ್ಮ ಬ್ಯಾಟರಿ ಇನ್ನೂ ಬೇಗ ಬರಿದಾಯಿತು. ಕೊನೆಗೆ ಪೆಟ್ರೋಲ್ ಹೊತ್ತಿಸುವ ಕಿಡಿಗೂ ವಿದ್ಯುತ್ ಸಾಲದೆ ಎಂಜಿನ್ ನಿಂತಿತು.

ಆದರೂ ಆ ಹಿರಿಯರು ತಕ್ಷಣ ಆಲ್ಟರ್ನೇಟರ್ ಬಿಚ್ಚಲಿಲ್ಲ. ಎಂಜಿನ್ ನಿಲ್ಲಿಸಿ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಬಿಗಿಯಾಗಿತ್ತು. ಬ್ಯಾಟರಿಯ ತುದಿಗಳಿಗೆ ಅಂಟಿದ್ದ ಬಿಳಿ ಹುಡಿಯನ್ನು ಉಜ್ಜಿ ತೆಗೆದರು; ಅಂಕಿ ಏರಲಿಲ್ಲ. ಬಳಿಕ ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರಿನ ತುದಿಯಲ್ಲೇ ಅಳೆದರು. ಅಲ್ಲಿ 14 ಇದ್ದು ಬ್ಯಾಟರಿಯಲ್ಲಿ 12 ಇದ್ದರೆ ನಡುವಿನ ತಂತಿಯ ದೋಷ. ಎರಡೂ ಕಡೆ ಒಂದೇ ಅಂಕಿ ಇತ್ತು. ಹಾಗಾದರೆ ತಂತಿಯ ತಪ್ಪೂ ಅಲ್ಲ.

ಆಗ ಅದನ್ನು ಬಿಚ್ಚಿದರು. ಒಳಗಿನಿಂದ ಎರಡು ಪುಟ್ಟ ಕಪ್ಪು ತುಂಡುಗಳನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಬರೆದು ಬರೆದು ಸವೆದ ಸೀಮೆಸುಣ್ಣದ ತುಣುಕುಗಳಂತಿದ್ದವು. ಅವೇ ಕಾರ್ಬನ್ ಬ್ರಷ್‌ಗಳು. ಸುತ್ತುತ್ತಿರುವ ವಿದ್ಯುತ್ಕಾಂತಕ್ಕೆ ತಂತಿ ಕಟ್ಟಿದರೆ ಹಗ್ಗದಂತೆ ಹುರಿಗೊಂಡು ಹರಿಯುತ್ತದೆ. ಅದಕ್ಕೇ ಈ ತುಂಡುಗಳು ತಿರುಗುವ ಬಳೆಗಳಿಗೆ ಒತ್ತಿಕೊಂಡು ವಿದ್ಯುತ್ ದಾಟಿಸುತ್ತವೆ. ಸವೆದರೆ ಸರಿಯಾಗಿ ತಾಗುವುದಿಲ್ಲ, ವಿದ್ಯುತ್ಕಾಂತ ಬಲಹೀನವಾಗುತ್ತದೆ.

ಹೊಸ ಬ್ರಷ್ ಹಾಕಿದರು. "ಈಗ ಓದಪ್ಪ" ಎಂದರು. "14.2!" ಎಂದು ಕೂಗಿದೆ. ದೀಪ ಹಾಕಿದಾಗ 13.9. ಕೆಂಪು ದೀಪ ಪೂರ್ತಿ ಆರಿತ್ತು. ಆ ತುಂಡುಗಳ ಬೆಲೆ ಬ್ಯಾಟರಿಯ ಬೆಲೆಯ ಮುಂದೆ ಏನೇನೂ ಅಲ್ಲ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾನು ಕೊಟ್ಟುಬಿಟ್ಟ ಹಳೇ ಬ್ಯಾಟರಿ?" ಎಂದು ಕೇಳಿದರು.

"ಅದಕ್ಕೂ ಹೊಟ್ಟೆ ತುಂಬಾ ಊಟ ಹಾಕಿದ್ದರೆ ದುಡೀತಿತ್ತೇನೋ ಗೌಡ್ರೇ. ಯಾರೂ ಅಳೆದು ನೋಡಲಿಲ್ಲವಲ್ಲ" ಎಂದರು ಹಿರಿಯರು.

ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಭೌತವಿಜ್ಞಾನದ ಮೇಷ್ಟ್ರು ಡಾ. ಎಚ್. ನರಸಿಂಹಯ್ಯನವರು, ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದು ಎಂದು ಜೀವನವಿಡೀ ಹೇಳುತ್ತಿದ್ದರು. ಅದರ ಅರ್ಥ ನನಗೆ ತಿಳಿದದ್ದು ಆ ದಿನ, ಮೀಟರಿನ ಅಂಕಿ ಓದುತ್ತಾ. ದೀಪ ಮಂಕಾಯಿತೆಂದು ದೀಪವನ್ನು, ಗಾಡಿ ನಿಂತಿತೆಂದು ಬ್ಯಾಟರಿಯನ್ನು ದೂರಬಾರದು. ತೊಂದರೆ ಕಾಣುವ ಜಾಗವೇ ಬೇರೆ, ಹುಟ್ಟುವ ಜಾಗವೇ ಬೇರೆ ಇರಬಹುದು. ಒಂದೊಂದಾಗಿ ಅಳೆಯುತ್ತಾ ಹೋದರೆ ಅದು ಸಿಕ್ಕೇ ಸಿಗುತ್ತದೆ.

ನೀವೂ ಮಾಡಿ ನೋಡಿ: ಒಂದು ಹೊಸ, ಒಂದು ಹಳೆಯ ಟಾರ್ಚ್ ಸೆಲ್ ತೆಗೆದುಕೊಳ್ಳಿ. ಶಾಲೆಯ ಮಲ್ಟಿಮೀಟರಿನಿಂದ ಎರಡರ ವೋಲ್ಟೇಜನ್ನೂ ಅಳೆದು ಬರೆಯಿರಿ. ನಂತರ ಒಂದೊಂದಕ್ಕೂ ಟಾರ್ಚ್ ಬಲ್ಬ್ ಜೋಡಿಸಿ, ಉರಿಯುತ್ತಿರುವಾಗ ಮತ್ತೆ ಅಳೆಯಿರಿ. ಯಾವುದರ ಅಂಕಿ ಹೆಚ್ಚು ಇಳಿಯಿತು? ಏಕೆ? ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ. ಆದರೆ ಮನೆಯ 230 ವೋಲ್ಟಿನ ಪ್ಲಗ್ಗಿಗೆ ಮೀಟರ್ ಹಚ್ಚಬೇಡಿ. ಓಡುತ್ತಿರುವ ಎಂಜಿನ್ನಿನ ಹತ್ತಿರವೂ ಕೈ ಒಯ್ಯಬೇಡಿ.